ಮಗಳ ತೂಕ ಮೂರು ತಿಂಗಳಿಂದ ಏರಿಲ್ಲ

ಪ್ರಶ್ನೆ: ಅಕ್ಕ, ನಾನು ಕಲಬುರಗಿಯ ದಾಲ್ ಮಿಲ್ ಒಂದರಲ್ಲಿ ಕೆಲಸ ಮಾಡುತ್ತೇನೆ. ಮಗಳಿಗೆ 20 ತಿಂಗಳು. ಮೂರು ತಿಂಗಳಿಂದ ತೂಕ 7.8 ಕೆಜಿಯಲ್ಲೇ ಇದೆ. ಮೊನ್ನೆ ಅಂಗನವಾಡಿ ಟೀಚರ್ ತೋಳಿಗೆ ಪಟ್ಟಿ ಸುತ್ತಿ, 11.8 ಬಂತು, ಹಳದಿ ಅಂದರು. ಹಗಲಲ್ಲಿ ಅತ್ತೆ ನೋಡಿಕೊಳ್ಳುತ್ತಾರೆ. ಬ್ಯಾಳಿ ಕಟ್ಟು ಕುಡಿಸುತ್ತಾರೆ, ಚಹಾದಲ್ಲಿ ಬಿಸ್ಕಿಟ್ ಅದ್ದಿ ಕೊಡುತ್ತಾರೆ. ‘ಅವರಪ್ಪನೂ ಹಿಂಗೇ ಸಣ್ಣ ಇದ್ದ’ ಅಂತಾರೆ. ದವಾಖಾನೆಗೆ ಸೇರಿಸಬೇಕಾ? ಕೂಲಿ ಬಿಟ್ಟರೆ ಮನೆ ನಡೆಯಲ್ಲ. ಒಂದು ಒಳ್ಳೇ ಟಾನಿಕ್ ಹೇಳಿ.
— ಒಬ್ಬ ತಾಯಿ, ಕಲಬುರಗಿ

ಉತ್ತರ: ತಂಗಿ, ನಿಮ್ಮ ಪತ್ರದಲ್ಲಿ ‘ಮೂರು ತಿಂಗಳಿಂದ’ ಅನ್ನೋ ಮಾತಿನ ಮೇಲೇ ನನ್ನ ಕಣ್ಣು ನಿಂತಿತು. ಅಪ್ಪ ಸಣ್ಣಗಿದ್ದರೆ ಮಗಳೂ ಸಣ್ಣಗಿರಬಹುದು. ಆದರೆ ಸಣ್ಣ ಮಗುವೂ ಬೆಳೆಯುತ್ತಲೇ ಇರಬೇಕು, ಅಲ್ವಾ? ಈ ವಯಸ್ಸಿನಲ್ಲಿ ತಿಂಗಳಿಗೆ ಸುಮಾರು 200 ಗ್ರಾಂ ಏರಬೇಕು. 20 ತಿಂಗಳ ಹೆಣ್ಣುಮಗು 8.4 ಕೆಜಿಗಿಂತ ಕಡಿಮೆ ಇದ್ದರೆ ಕಡಿಮೆ ತೂಕ. 7.5ಕ್ಕಿಂತ ಕೆಳಗೆ ಹೋದರೆ ತೀವ್ರ.

ಪಟ್ಟಿಯ ಲೆಕ್ಕ ಹೀಗಿದೆ: ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರ್‌ಗಿಂತ ಕಡಿಮೆಯಾದರೆ ಕೆಂಪು, ಅಂದರೆ ತೀವ್ರ ಅಪೌಷ್ಟಿಕತೆ. ಅಲ್ಲಿಂದ 12.5ರವರೆಗೆ ಹಳದಿ, ಅಂದರೆ ಮಧ್ಯಮ ಅಪೌಷ್ಟಿಕತೆ. ನಿಮ್ಮ ಮಗಳಿಗೂ ಕೆಂಪಿಗೂ ನಡುವೆ ಮೂರೇ ಮಿಲಿಮೀಟರ್ ಇದೆ. ಒಂದು ಸಲ ಜೋರು ಭೇದಿ ಹತ್ತಿದರೆ ಅದೂ ಉಳಿಯುವುದಿಲ್ಲ.

ಇವತ್ತೇ ಒಂದು ಕೆಲಸ ಮಾಡಿ. ಮಗುವಿನ ಎರಡೂ ಪಾದದ ಮೇಲೆ ಹೆಬ್ಬೆರಳಿಂದ ಮೂರು ಸೆಕೆಂಡ್ ಒತ್ತಿ ಬಿಡಿ. ನಾನು ಅಂಗನವಾಡಿಯಲ್ಲಿದ್ದಾಗ ಒಬ್ಬ ಅಜ್ಜಿ ‘ಮೈ ತುಂಬ್ಯಾನ ನೋಡ್ರಿ ನನ್ನ ಮೊಮ್ಮಗ’ ಅಂತ ಖುಷಿಯಿಂದ ಎತ್ತಿಕೊಂಡು ಬಂದಿದ್ದರು. ಕೆನ್ನೆ ಗುಂಡಗಿತ್ತು. ಪಾದ ಒತ್ತಿದೆ. ಕೈ ತೆಗೆದ ಮೇಲೂ ನನ್ನ ಬೆರಳಿನ ಗುಳಿ ಹಾಗೇ ಉಳಿಯಿತು, ಹಿಟ್ಟಿನ ಮೇಲೆ ಒತ್ತಿದ ಹಾಗೆ. ಅದು ನೀರು ತುಂಬಿದ ಬಾವು. ಇವತ್ತಿಗೂ ಆ ಪುಟ್ಟ ಪಾದ ನನ್ನ ಕಣ್ಣ ಮುಂದಿದೆ. ಎರಡೂ ಪಾದದಲ್ಲಿ ಹೀಗೆ ಗುಳಿ ಬಿದ್ದರೆ ತೂಕ, ಪಟ್ಟಿ ಏನೇ ಹೇಳಲಿ, ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಬಾವು ಇಲ್ಲ, ಮಗು ಚೆನ್ನಾಗಿ ಉಣ್ಣುತ್ತದೆ, ಜ್ವರ ಭೇದಿ ಇಲ್ಲ ಅಂದರೆ ಸಾಮಾನ್ಯವಾಗಿ ಹಳದಿಯ ಮಗುವನ್ನು ಮನೆಯಲ್ಲೇ ಮೇಲೆತ್ತಬಹುದು. ಆದರೂ ತೂಕ ಇಷ್ಟು ದಿನ ನಿಂತಿರುವುದರಿಂದ ಒಮ್ಮೆ ಸರ್ಕಾರಿ ಆಸ್ಪತ್ರೆಯ ಮಕ್ಕಳ ಡಾಕ್ಟರಿಗೆ ತೋರಿಸಿ. ಕೆಂಪಿಗೆ ಬಂದರೆ, ಅಥವಾ ಊಟವನ್ನೇ ಒಲ್ಲೆ ಅಂದರೆ ಡಾಕ್ಟರು ಎನ್‌ಆರ್‌ಸಿಗೆ, ಅಂದರೆ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ, ಸೇರಿಸಲು ಹೇಳಬಹುದು. ಅಲ್ಲಿ ಸುಮಾರು 14 ದಿನ ಇರಬೇಕಾಗುತ್ತದೆ. ತಾಯಿಗೂ ಊಟ ಇರುತ್ತದೆ, ಕೂಲಿ ತಪ್ಪಿದ್ದಕ್ಕೆ ದಿನದ ಲೆಕ್ಕದಲ್ಲಿ ಹಣವೂ ಕೊಡುತ್ತಾರೆ. ಕೂಲಿ ಹೋಗುತ್ತದೆ ಅಂತ ಹಿಂದೆ ಸರಿಯಬೇಡಿ.

ಟಾನಿಕ್ ದುಡ್ಡನ್ನು ಮೊಟ್ಟೆಗೆ ಹಾಕಿ. ನೀವು ದಿನವಿಡೀ ತೊಗರಿ ಬ್ಯಾಳಿಯ ನಡುವೆ ದುಡಿಯುತ್ತೀರಿ, ಮಗಳಿಗೆ ಸಿಗುವುದು ಮಾತ್ರ ಮೇಲಿನ ಕಟ್ಟು. ಬ್ಯಾಳಿ ತಳದಲ್ಲೇ ಉಳಿಯುತ್ತದೆ ತಂಗಿ, ಮಗುವಿಗೆ ಬೇಕಾದ್ದು ಅದೇ. ಅಂಗೈಯಗಲ ಹೊಟ್ಟೆ ನೀರಿಗೇ ತುಂಬಿಹೋದರೆ ಅನ್ನಕ್ಕೆ ಜಾಗ ಎಲ್ಲಿ? ಜೋಳದ ರೊಟ್ಟಿ ಸಣ್ಣಗೆ ಮುರಿದು ಗಟ್ಟಿ ಬ್ಯಾಳಿಯಲ್ಲಿ ಕಲಸಿ, ಮೇಲೆ ಒಂದು ಚಮಚ ಎಣ್ಣೆ ಅಥವಾ ತುಪ್ಪ ಹಾಕಿ. ಖಾರ ಹಾಕದೆ ಮುಟಗಿ, ಅಂದರೆ ಬಿಸಿ ರೊಟ್ಟಿ ಕುಟ್ಟಿ ಕಟ್ಟುವ ಮುದ್ದೆ, ಮಾಡಿ. ಶೇಂಗಾ ಹುರಿದು ನುಣ್ಣಗೆ ಕುಟ್ಟಿ ಬೆಲ್ಲ ಸೇರಿಸಿ ಕೊಡಿ. ಇಡೀ ಶೇಂಗಾ ಮಾತ್ರ ಬೇಡ, ಗಂಟಲಲ್ಲಿ ಸಿಕ್ಕುತ್ತದೆ. ದಿನಕ್ಕೆ ಐದು ಸಲ, ಸ್ವಲ್ಪ ಸ್ವಲ್ಪ. ಎದೆಹಾಲು ನಿಲ್ಲಿಸಬೇಡಿ. ಚಹಾ ಪೂರ್ತಿ ಬಿಡಿಸಿ. ಅದು ಹಸಿವನ್ನೂ ಕೊಲ್ಲುತ್ತದೆ, ಊಟದಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತದ ಹಾಗೂ ಮಾಡುತ್ತದೆ.

ಅಂಗನವಾಡಿಯಿಂದ ಮನೆಗೆ ಕೊಡುವ ಪೊಟ್ಟಣ ಮನೆಮಂದಿಗೆಲ್ಲ ಹಂಚಿಹೋಗುತ್ತದೆ, ನನಗೆ ಗೊತ್ತು. ಈಗ ಅದನ್ನು ಮಗಳಿಗೇ ಮೀಸಲಿಡಿ. ಭೇದಿಯಾದರೆ ಓಆರ್‌ಎಸ್ ಜೊತೆ ಜಿಂಕ್ ಮಾತ್ರೆ 14 ದಿನ ಕೊಡಬೇಕು, ಎರಡೇ ದಿನಕ್ಕೆ ಭೇದಿ ನಿಂತರೂ ಸಹ.

ಅತ್ತೆಗೆ ಈ ಉತ್ತರ ಓದಿ ಹೇಳಿ. ತಪ್ಪು ಹುಡುಕುವ ದನಿಯಲ್ಲಿ ಬೇಡ. ಹಗಲೆಲ್ಲ ಮಗುವನ್ನು ಕಾಯುತ್ತಿರುವುದು ಅವರೇ. ಹದಿನೈದು ದಿನಕ್ಕೊಮ್ಮೆ ಅದೇ ತಕ್ಕಡಿಯಲ್ಲಿ, ಸ್ವೆಟರ್, ಕಾಲ್ಗೆಜ್ಜೆ ತೆಗೆದು ತೂಕ ಮಾಡಿಸಿ, ತಾಯಿ ಕಾರ್ಡಿನಲ್ಲಿ ಬರೆಸಿ. ಎರಡನೇ ಸಲವೂ ಏರದಿದ್ದರೆ ಕಾಯದೆ ಡಾಕ್ಟರ ಹತ್ತಿರ ಹೋಗಿ. ನನಗೂ ಬರೆಯಿರಿ. 8 ಆಗಿದ್ದರೂ ಬರೆಯಿರಿ, 7.6ಕ್ಕೆ ಇಳಿದಿದ್ದರೂ ಬರೆಯಿರಿ.