ಮನೆಯಲ್ಲಿ ಪೋರ್ಕ್ ರಿಬ್ಸ್ ಗ್ರಿಲ್ ಮಾಡಿದರೆ ಹೊರಗೆ ಸೀದು, ಒಳಗೆ ಗಟ್ಟಿಯಾಗಿಯೇ ಉಳಿಯುತ್ತದೆ, ಏಕೆ?

ಉರಿ ಜಾಸ್ತಿ, ಸಮಯ ಕಡಿಮೆ. ಅಷ್ಟೇ ಕಾರಣ. ಪಕ್ಕೆಲುಬಿನ ಮಾಂಸದಲ್ಲಿ ಕೊಲಾಜೆನ್ ಎಂಬ ಗಟ್ಟಿ ನಾರಿನಂಥ ಪ್ರೋಟೀನ್ ತುಂಬಾ ಇರುತ್ತದೆ. ಅದು ಕರಗಿ ಮೆತ್ತಗಾಗಲು ಹದವಾದ ಶಾಖ ಗಂಟೆಗಟ್ಟಲೆ ಬೇಕು. ಹಂದಿಮಾಂಸದ ಚಾಪ್ಸ್ 63 ಡಿಗ್ರಿ ಸೆಲ್ಸಿಯಸ್‌ಗೆ ತಿನ್ನಲು ಸರಿಯಾಗುತ್ತದೆ. ರಿಬ್ಸ್ ಮಾತ್ರ ಆಗ ಅಗಿಯಲಾಗದಷ್ಟು ಗಟ್ಟಿ. ಒಳಗಿನ ಮಾಂಸ 90–95 ಡಿಗ್ರಿ ಮುಟ್ಟಬೇಕು.

ಕೆಂಡವನ್ನೆಲ್ಲ ಗ್ರಿಲ್‌ನ ಒಂದು ಬದಿಗೆ ಸರಿಸಿ, ಮಾಂಸವನ್ನು ಇನ್ನೊಂದು ಬದಿಗಿಟ್ಟು ಮುಚ್ಚಳ ಹಾಕಿ. ಶಾಖ 120 ಡಿಗ್ರಿ ಆಸುಪಾಸಿನಲ್ಲಿದ್ದರೆ ಬೆನ್ನಿನ ಬದಿಯ ಚಿಕ್ಕ ಪಕ್ಕೆಲುಬುಗಳಾದ ಬೇಬಿ ಬ್ಯಾಕ್ ರಿಬ್ಸ್‌ಗೆ 4–5 ಗಂಟೆ ಹಿಡಿಯುತ್ತದೆ. ಹೊಟ್ಟೆ ಬದಿಯ ದೊಡ್ಡ ಪಕ್ಕೆಲುಬುಗಳಾದ ಸ್ಪೇರ್ ರಿಬ್ಸ್‌ಗೆ ಇನ್ನೊಂದು ಗಂಟೆ ಜಾಸ್ತಿ. ಸುಮ್ನೆ ಮತ್ತೆ ಮತ್ತೆ ಮುಚ್ಚಳ ತೆಗೆದು ನೋಡಬೇಡಿ, ಶಾಖ ಹೊರಟುಹೋಗುತ್ತದೆ. (ಇಡೀ ಕೆಲಸದಲ್ಲಿ ಕಷ್ಟದ ಭಾಗ ಇದೇ!)

ಮೂಳೆ ಬದಿಯ ತೆಳು ಪೊರೆಯನ್ನು ಮೊದಲೇ ಕಿತ್ತುಬಿಡಿ. ಪೇಪರ್ ಟವೆಲ್‌ನಿಂದ ಹಿಡಿದರೆ ಜಾರುವುದಿಲ್ಲ. ಕೆಲವರು ನೀರಲ್ಲಿ ಕುದಿಸಿ ಆಮೇಲೆ ಗ್ರಿಲ್ ಮಾಡುತ್ತಾರೆ. ನನಗದು ಹಿಡಿಸದು, ರುಚಿ ನೀರಿಗೆ ಹೋಗುತ್ತದೆ ಅಲ್ವಾ?

ಬಾರ್ಬೆಕ್ಯೂ ಸಾಸ್ ಕೊನೆಯ 15 ನಿಮಿಷದಲ್ಲಿ ಸವರಿ. ಅದರಲ್ಲಿ ಸಕ್ಕರೆ ಇರುವುದರಿಂದ ಮೊದಲೇ ಹಚ್ಚಿದರೆ ಸೀದು ಕಹಿಯಾಗುತ್ತದೆ. ಬೆಂದಿದೆಯೇ ತಿಳಿಯಲು ಇಕ್ಕಳದಿಂದ ಒಂದು ತುದಿ ಹಿಡಿದು ಎತ್ತಿ. ಚೆನ್ನಾಗಿ ಬಾಗಿ ಮೇಲ್ಭಾಗ ಬಿರುಕು ಬಿಟ್ಟರೆ ಇಳಿಸಿ.