ಪರದೆಯ ಸೂಚನೆ ಓದುವಂತಿರಲಿ

ಪ್ರಶ್ನೆ: ರೋಗಿಯ ಕಡತ ತೆರೆದ ಕೂಡಲೇ ಕಂಪ್ಯೂಟರಿನಲ್ಲಿ ಐದಾರು ಸೂಚನೆಗಳು ಬರುತ್ತವೆ. ವೈದ್ಯರು ಓದದೆಯೇ ಮುಚ್ಚುತ್ತಾರೆ. ಏನು ಮಾಡಬಹುದು?

ಉತ್ತರ: ಮೊದಲು ಸೂಚನೆಗಳನ್ನು ಕಡಿಮೆ ಮಾಡಿ. ಕಡತ ತೆರೆದಾಗಲ್ಲ, ಔಷಧ ಬರೆಯುವ ಹೊತ್ತಿಗೆ ಬರಲಿ. ಸಕ್ಕರೆ ಕಾಯಿಲೆಯ ಔಷಧವಾದ ಮೆಟ್‌ಫಾರ್ಮಿನ್ ಬರೆಯುವಾಗ ಇಜಿಎಫ್‌ಆರ್ (ಮೂತ್ರಪಿಂಡ ಎಷ್ಟು ಚೆನ್ನಾಗಿ ಸೋಸುತ್ತಿದೆ ಎಂಬ ಅಳತೆ) 30ಕ್ಕಿಂತ ಕೆಳಗಿದ್ದರೆ ತಡೆದು ನಿಲ್ಲಿಸುವ ಎಚ್ಚರಿಕೆ ಬೇಕೇಬೇಕು. ಎಚ್‌ಬಿಎ1ಸಿ (ಕಳೆದ ಎರಡು–ಮೂರು ತಿಂಗಳ ರಕ್ತದ ಸಕ್ಕರೆಯ ಸರಾಸರಿ ತೋರಿಸುವ ಪರೀಕ್ಷೆ) ಬಾಕಿಯಿದ್ದರೆ ಪಕ್ಕದಲ್ಲೊಂದು ಸಾಲು ಸಾಕು. ಹಿಂದಿನ ಫಲಿತಾಂಶ, ತಾರೀಖು, ಪರೀಕ್ಷೆಗೆ ಬರೆಯುವ ಬಟನ್ ಅಲ್ಲೇ ಇರಲಿ.

ಹೊರಗಿನ ಲ್ಯಾಬ್ ವರದಿಯನ್ನು ಬರೀ ಸ್ಕ್ಯಾನ್ ಮಾಡಿ ಸೇರಿಸಿದರೆ ಬಹುತೇಕ ತಂತ್ರಾಂಶಗಳಿಗೆ ಅದರ ಅಂಕಿ ಸಿಗುವುದಿಲ್ಲ. ಅಂಕಿಯನ್ನು ಅದರ ಕಾಲಂನಲ್ಲೇ ತುಂಬಿಸಿ, ಇಲ್ಲವಾದರೆ ತಂತ್ರಾಂಶ ಆಗಿಹೋದ ಪರೀಕ್ಷೆಯನ್ನೇ ಮತ್ತೆ ಕೇಳುತ್ತದೆ. ವೈದ್ಯರ ನಂಬಿಕೆ ಕೆಡುವುದು ಇಂಥ ಸುಳ್ಳು ಸೂಚನೆಗಳಿಂದಲೇ. ಸೂಚನೆ ಮುಚ್ಚುವಾಗ ‘ಈಗಾಗಲೇ ಆಗಿದೆ’, ‘ರೋಗಿ ಒಪ್ಪಲಿಲ್ಲ’ ಎಂಬ ಕಾರಣ ಆರಿಸುವಂತಿರಲಿ. ತಿಂಗಳಿಗೊಮ್ಮೆ ಆ ಕಾರಣಗಳನ್ನು ನೋಡಿ ನಿಯಮ ತಿದ್ದಿ.