ಗೆಟ್, ಗೋ, ಗ್ರ್ಯಾಬ್: ಆಫೀಸಿನ ಮಾತಲ್ಲಿ ಇವುಗಳ ಅರ್ಥ ಹಿಡಿಯುವುದು ಹೇಗೆ?

ಶಾಲೆಯಲ್ಲಿ ಇಂಗ್ಲಿಷ್ ಚೆನ್ನಾಗಿಯೇ ಕಲಿತಿದ್ದರೂ, ಬೆಂಗಳೂರಿನ ಆಫೀಸಿನಲ್ಲಿ ಜನ ‘ಗೆಟ್’, ‘ಗೋ’ ಅಂತ ಸಣ್ಣ ಸಣ್ಣ ಪದ ಬಳಸಿ ಮಾತಾಡಿದಾಗ ತಲೆಗೆ ಹೋಗುವುದಿಲ್ಲ, ಏನು ಮಾಡಲಿ ಅಂತ ಕೇಳಿದ್ದೀರಿ. ಆ ಪದ ಒಂದನ್ನೇ ಹಿಡಿದು ಕೂರಬೇಡಿ. ಅದರ ಪಕ್ಕದಲ್ಲಿ ಏನು ಬಂತು ಅಂತ ಕೇಳಿಸಿಕೊಳ್ಳಿ.

ನಮ್ಮ ‘ಹೊಡೆ’ಯನ್ನೇ ನೋಡಿ. ಗೋಡೆಗೆ ಬಣ್ಣ ಹೊಡೆಯುತ್ತೇವೆ, ನಿದ್ದೆ ಹೊಡೆಯುತ್ತೇವೆ, ಹರಟೆ ಹೊಡೆಯುತ್ತೇವೆ. ಯಾವುದರಲ್ಲೂ ಏಟಿಲ್ಲ, ಅಲ್ವಾ? ‘ಗೆಟ್’ ಕೂಡ ಹಾಗೇ. ‘ಗಾಟ್ ಹೋಮ್’ ಅಂದರೆ ಮನೆ ಸೇರಿದೆ, ‘ಗೆಟಿಂಗ್ ಲೇಟ್’ ಅಂದರೆ ಹೊತ್ತಾಗುತ್ತಿದೆ, ‘ಐ ಗೆಟ್ ಇಟ್’ ಅಂದರೆ ಅರ್ಥವಾಯಿತು.

ನನ್ನ ಪ್ರಕಾರ ಜಾಸ್ತಿ ತೊಡಕಾಗುವುದು ಯಾರಾದರೂ ನಡೆದದ್ದನ್ನು ಹೇಳುವಾಗ. ಸೋಮವಾರ ಬೆಳಿಗ್ಗೆ ಮಾನ್ಯತಾ ಟೆಕ್ ಪಾರ್ಕಿನ ಆಫೀಸಿನಲ್ಲಿ ಕಾಫಿ ಮಷೀನ್ ಹತ್ತಿರ ನಿಂತರೆ ಇಂಥ ಮಾತು ಕಿವಿಗೆ ಬೀಳುತ್ತದೆ: ‘ಸೋ ದ ಆಟೋ ಡ್ರೈವರ್ ಗೋಸ್, ಫಿಫ್ಟಿ ಎಕ್ಸ್‌ಟ್ರಾ. ಐ ವಾಸ್ ಲೈಕ್, ನೋ ವೇ!’ ಇಲ್ಲಿ ಡ್ರೈವರ್ ಎಲ್ಲಿಗೂ ಹೋಗಿಲ್ಲ. ‘ಗೋಸ್’ ಅಂದರೆ ‘ಅಂದ’ ಅಂತ. ನಡೆದದ್ದು ಶನಿವಾರವಾದರೂ ‘ಗೋಸ್’ ಅಂತಲೇ ಹೇಳುತ್ತಾರೆ, ಈಗ ಕಣ್ಣೆದುರೇ ನಡೆಯುತ್ತಿರುವ ಹಾಗೆ. ‘ಐ ವಾಸ್ ಲೈಕ್’ ಇನ್ನೂ ಸೂಕ್ಷ್ಮ. ಅವರು ‘ಆಗಲ್ಲ’ ಅಂತ ಬಾಯಿಬಿಟ್ಟು ಹೇಳಿರಬಹುದು. ಇಲ್ಲಾ ಮನಸ್ಸಲ್ಲೇ ಅಂದುಕೊಂಡು ಸುಮ್ನೆ ದುಡ್ಡು ಕೊಟ್ಟಿರಬಹುದು. ‘ಆಮೇಲೆ?’ ಅಂತ ಕೇಳಿದರೆ ತಿಳಿಯುತ್ತದೆ. ಇದು ತಪ್ಪು ಇಂಗ್ಲಿಷ್ ಅಂತ ತಳ್ಳಿಹಾಕಬೇಡಿ. ರೊನಾಲ್ಡ್ ಬಟರ್ಸ್ ಎಂಬ ಭಾಷಾತಜ್ಞರು 1982ರಲ್ಲೇ ‘ಅಮೆರಿಕನ್ ಸ್ಪೀಚ್’ ಪತ್ರಿಕೆಯಲ್ಲಿ ಈ ‘ಲೈಕ್’ ಬಳಕೆಯನ್ನು ಗುರುತಿಸಿ ಬರೆದಿದ್ದರು. ಮಾತಲ್ಲಿ ಧಾರಾಳವಾಗಿ ಬಳಸಿ. ಮೇಲ್ ಬರೆಯುವಾಗ ಮಾತ್ರ ‘ಸೆಡ್’ ಇರಲಿ.

ಉಳಿದವು ಸುಲಭ. ‘ಗ್ರ್ಯಾಬ್ ಲಂಚ್’ ಅಂದರೆ ಬೇಗ ಏನಾದರೂ ತಿಂದು ಬರೋಣ ಅಂತ. ‘ಕ್ಯಾನ್ ಯು ಮೇಕ್ ಇಟ್?’ ಅಂದರೆ ಬರೋಕಾಗುತ್ತಾ ಅಂತ. ಕಾಫಿ ಬೇಕಾ ಅಂದಾಗ ‘ಐ ಯಾಮ್ ಗುಡ್’ ಅಂದರೆ ಬೇಡ ಅಂತ.

ನಾನು ಮಾಡುವುದು ಇಷ್ಟು. ಹೊಸದೇನಾದರೂ ಕೇಳಿಸಿದರೆ ಇಡೀ ವಾಕ್ಯವನ್ನು ಫೋನಿನಲ್ಲಿ ಬರೆದುಕೊಳ್ಳುತ್ತೇನೆ, ಯಾರು ಯಾರಿಗೆ ಯಾವಾಗ ಹೇಳಿದ್ದು ಅನ್ನುವುದನ್ನೂ ಸೇರಿಸಿ. ತಿಳಿಯದಿದ್ದರೆ ಅಲ್ಲೇ ಕೇಳುತ್ತೇನೆ. ನೀವೂ ಸಂಕೋಚಪಡಬೇಡಿ. ಪಕ್ಕದ ಸೀಟಿನವರ ಮನೆಮಾತು ತೆಲುಗೋ ತಮಿಳೋ ಆಗಿರುತ್ತದೆ, ಅವರೂ ಕೇಳಿ ಕೇಳಿ ಕಲಿತವರೇ.